ರಕ್ತ ಹೋಗೋದೆಲ್ಲ ಮೂಲವ್ಯಾಧಿ ಅಲ್ಲ: ಕೊಲೈಟಿಸ್, ಕ್ರೋನ್ಸ್ ಬಗ್ಗೆ ಒಬ್ಬ ಟೀಚರ್ ಪ್ರಶ್ನೆ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಂಗೆ 29 ವರ್ಷ, ಹಾಸನದ ಹತ್ರ ಒಂದು ಹೈಸ್ಕೂಲಲ್ಲಿ ಟೀಚರ್, ಮದುವೆ ಆಗಿ 2 ವರ್ಷ. ಒಂದೂವರೆ ವರ್ಷದ ಹಿಂದೆ ಟಾಯ್ಲೆಟ್ಟಿಗೆ ಹೋದಾಗ ರಕ್ತ, ಲೋಳೆ ಹೋಗಕ್ಕೆ ಶುರುವಾಯ್ತು. ಪೈಲ್ಸ್ ಅಂತ 5 ತಿಂಗಳು ಮುಲಾಮು ಹಚ್ಚಿ ಪುಡಿ ಕುಡಿದೆ. ನಮ್ಮತ್ತೆ ಎಲ್ಲ ಉಷ್ಣ ಅಂತ ಕಾಮಕಸ್ತೂರಿ ಬೀಜ, ಮೆಂತ್ಯ ನೆನೆಸಿ ಕೊಡ್ತಿದ್ರು. ಕಡೆಗೆ ಹಿಂದಿನಿಂದ ಕ್ಯಾಮೆರಾ ಹಾಕಿ ನೋಡೋ ಕೊಲನೋಸ್ಕೋಪಿ ಮಾಡಿ ಅಲ್ಸರೇಟಿವ್ ಕೊಲೈಟಿಸ್, ಅಂದ್ರೆ ದೊಡ್ಡ ಕರುಳಲ್ಲಿ ಉರಿಯೂತ, ಹುಣ್ಣು ಅಂದ್ರು, ಎಡಗಡೆ ಅಷ್ಟೇ ಇದೆ ಅಂದ್ರು. ಕರುಳಿನ ಉರಿಯೂತ ಇಳಿಸೋ ಮೆಸಲಮಿನ್ ಮಾತ್ರೆ, ಜೊತೆಗೆ 8 ವಾರ ಸ್ಟೀರಾಯ್ಡ್ ಕೊಟ್ರು. ಮುಖ ಊದ್ಕೊಳ್ತು, ಆದ್ರೆ 2 ತಿಂಗಳಲ್ಲಿ ಪೂರ್ತಿ ವಾಸಿ ಆಯ್ತು. ಆಮೇಲೆ 6 ತಿಂಗಳು ಮೆಸಲಮಿನ್ ತಗೊಂಡು, ಚೆನ್ನಾಗಿದೀನಲ್ಲ ಅಂತ ನಿಲ್ಲಿಸಿಬಿಟ್ಟೆ. ಈಗ ಒಂದು ತಿಂಗಳಿಂದ ಮತ್ತೆ ಶುರು, ದಿನಕ್ಕೆ 4-5 ಸಲ, ರಕ್ತ ಇರತ್ತೆ, ಎಚ್‌ಬಿ 9.4 ಇದೆ. ದಾವಣಗೆರೆಲಿರೋ ನಮ್ಮ ದೊಡ್ಡಪ್ಪನ ಮಗನಿಗೆ ಕರುಳಿನ ಟಿಬಿ ಅಂತ 6 ತಿಂಗಳು ಮಾತ್ರೆ ಕೊಟ್ಟು ಆಮೇಲೆ ಅದು ಕ್ರೋನ್ಸ್ ಅಂದ್ರಂತೆ, ನನ್ನ ಬಯಾಪ್ಸಿ ರಿಪೋರ್ಟಲ್ಲೂ ಕ್ರಾನಿಕ್ ಅಂತ ಬರೆದಿದೆ, ಎರಡೂ ಒಂದೇನಾ? ನಂಗೂ ಟಿಬಿ ಇರಬಹುದಾ? ಸ್ಕೂಲಲ್ಲಿ ಒಬ್ರು ಇದು ಐಬಿಎಸ್ಸು, ಬರೀ ಟೆನ್ಷನ್ ಅಂತಾರೆ. ಜೀವನಪೂರ್ತಿ ಮಾತ್ರೆ ನುಂಗ್ಬೇಕಾ? ಮಗು ಮಾಡ್ಕೋಬಹುದಾ, ಮಗುಗೂ ಬರತ್ತಾ? ಮುಂದೆ ಕ್ಯಾನ್ಸರ್ ಆಗತ್ತೆ ಅಂತಾರಲ್ಲ? ಮೊಣಕಾಲು ನೋವು ಅಂತ ಮೆಡಿಕಲ್ ಶಾಪಿಂದ ಮಾತ್ರೆ ತಗೋತಿದೀನಿ, ಅದು ಬೇರೆ ವಿಷಯ ಬಿಡಿ. ಡಿಸೆಂಬರಲ್ಲಿ ಮಕ್ಕಳನ್ನ ಹಂಪಿ ಟ್ರಿಪ್ಪಿಗೆ ಕರ್ಕೊಂಡು ಹೋಗ್ಬೇಕು, ನಂಗೆ ಬಸ್ ಹತ್ತಕ್ಕೇ ಭಯ ಆಗ್ತಿದೆ.

ಉತ್ತರ: ನೀವು "ಅದು ಬೇರೆ ವಿಷಯ ಬಿಡಿ" ಅಂತ ಪಕ್ಕಕ್ಕೆ ತಳ್ಳಿದ್ರಲ್ಲ, ಆ ಮೊಣಕಾಲಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಅದು ಬೇರೆ ವಿಷಯ ಅಲ್ಲದೇನೂ ಇರಬಹುದು. ಕರುಳಲ್ಲಿ ಉರಿಯೂತ ಜೋರಾದಾಗ ಕೀಲು ನೋಯೋದು, ಕಣ್ಣು ಕೆಂಪಾಗೋದು, ಬಾಯಲ್ಲಿ ಹುಣ್ಣಾಗೋದು, ಮೊಣಕಾಲಿನ ಕೆಳಗೆ ಮುಟ್ಟಿದ್ರೆ ನೋಯೋ ಕೆಂಪು ಗಂಟು ಏಳೋದು ಎಲ್ಲ ಇದೇ ಕಾಯಿಲೆ ಜೊತೆ ಬರತ್ತೆ, ಕೀಲು ನೋವಂತೂ ಎಷ್ಟೋ ಜನಕ್ಕೆ ಕರುಳು ಸುಧಾರಿಸ್ತಿದ್ದ ಹಾಗೆ ತಾನೇ ಇಳಿಯತ್ತೆ. ಆದ್ರೆ ಅಂಗಡೀಲಿ ಮೊಣಕಾಲು ನೋವು ಅಂದ್ರೆ ಕೊಡೋದು ಹೆಚ್ಚಾಗಿ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಥರದ್ದು. ಇವು ಕರುಳಿನ ಒಳಪದರಕ್ಕೆ ಒಗ್ಗಲ್ಲ, ಕೊಲೈಟಿಸ್ ಇರೋ ಕೆಲವರಿಗೆ ಕಾಯಿಲೆ ಮತ್ತೆ ಕೆರಳಕ್ಕೆ ಅಷ್ಟೇ ಸಾಕು. ಇವತ್ತೇ ನಿಲ್ಲಿಸಿ. ತಡೆಯಕ್ಕಾಗ್ಲಿಲ್ಲ ಅಂದ್ರೆ ಬರೀ ಪ್ಯಾರಸಿಟಮಾಲ್ ತಗೊಳ್ಳಿ, ಆದ್ರೆ ಸ್ಟ್ರಿಪ್ ತಿರುಗಿಸಿ ಸಣ್ಣಕ್ಷರ ಓದಿ, ಪ್ಯಾರಸಿಟಮಾಲ್ ಅಂತ ಕೊಟ್ಟಿದ್ದರಲ್ಲೇ ಅಸಿಕ್ಲೋಫೆನಾಕ್ ಸೇರಿಸಿರೋ ಮಾತ್ರೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಇನ್ನು ಪೈಲ್ಸ್ ಕಥೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ, 20 ವರ್ಷದ ಮೇಲಾಯ್ತು ನಾನು ಈ ಕೆಲಸ ಮಾಡಕ್ಕೆ ಶುರು ಮಾಡಿ, ಕೊಲೈಟಿಸ್ ಪೇಷಂಟ್ಸ್‌ನಲ್ಲಿ ಮೂಲವ್ಯಾಧಿ ಔಷಧಿ ರುಚಿ ನೋಡದೇ ನೇರ ನನ್ನ ಹತ್ರ ಬಂದವರು ಕಮ್ಮಿ. ಬಸ್ ಸ್ಟ್ಯಾಂಡ್ ಗೋಡೆ ಮೇಲೆ "ಮೂಲವ್ಯಾಧಿ, ಭಗಂದರ, ಆಪರೇಷನ್ ಇಲ್ಲದೆ ಗುಣ" ಅಂತ ಬಣ್ಣದಲ್ಲಿ ಬರೆದಿರ್ತಾರೆ, ರಕ್ತ ಕಂಡ ತಕ್ಷಣ ತಲೆಗೆ ಬರೋದೂ ಅದೇ. ವ್ಯತ್ಯಾಸ ಗೊತ್ತು ಮಾಡ್ಕೊಳ್ಳೋದು ತೀರಾ ಕಷ್ಟ ಏನಲ್ಲ. ಪೈಲ್ಸಲ್ಲಿ ಸಾಮಾನ್ಯವಾಗಿ ಮಲ ಗಟ್ಟಿ ಇರತ್ತೆ, ಮುಕ್ಕರಿದಾಗ ಕೊನೇಲಿ ತಾಜಾ ರಕ್ತ ತೊಟ್ಟಿಕ್ಕತ್ತೆ. ಕೊಲೈಟಿಸಲ್ಲಿ ರಕ್ತ ಮಲದ ಜೊತೆ ಕಲಸಿರತ್ತೆ, ಲೋಳೆ ಇರತ್ತೆ, ಹೋಗ್ಬೇಕು ಅನ್ಸಿದ್ರೆ ತಡ್ಕೊಳ್ಳಕ್ಕಾಗಲ್ಲ, ಹೋಗಿ ಕೂತ್ರೆ ಬರೋದು ಎರಡು ಚಮಚ, ಎದ್ದು ಬಂದ್ಮೇಲೂ ಇನ್ನೂ ಇದೆ ಅನ್ನೋ ಭಾವನೆ. ರಾತ್ರಿ ನಿದ್ದೆಯಿಂದ ಎಬ್ಬಿಸಿ ಕರ್ಕೊಂಡು ಹೋಗತ್ತೆ ಅಂದ್ರಂತೂ ಅದನ್ನ ಪೈಲ್ಸ್ ತಲೆಗೆ ಕಟ್ಟೋಹಾಗಿಲ್ಲ, ಐಬಿಎಸ್ ತಲೆಗೂ ಕಟ್ಟೋಹಾಗಿಲ್ಲ.

ಐಬಿಎಸ್ ವಿಷಯ ಇಲ್ಲೇ ಮುಗಿಸಿಬಿಡ್ತೀನಿ. ಐಬಿಎಸ್, ಐಬಿಡಿ ಒಂದಕ್ಷರದ ವ್ಯತ್ಯಾಸ, ಆದ್ರೆ ಒಂದಕ್ಕೊಂದು ಸಂಬಂಧ ಇಲ್ಲ. ಐಬಿಎಸಲ್ಲಿ ಕರುಳು ನೋಡಕ್ಕೆ ಸರಿಯಾಗೇ ಇರತ್ತೆ, ಅದರ ಚಲನೆ, ಸಂವೇದನೆ ಎಡವಟ್ಟಾಗಿರತ್ತೆ, ರಕ್ತ ಹೋಗಲ್ಲ, ಎಚ್‌ಬಿ ಇಳಿಯಲ್ಲ. ಐಬಿಡಿ ಅಂದ್ರೆ ಉರಿಯೂತದ ಕರುಳಿನ ಕಾಯಿಲೆ, ಅಲ್ಲಿ ಕ್ಯಾಮೆರಾ ಹಾಕಿದ್ರೆ ಹುಣ್ಣು ಕಣ್ಣಿಗೇ ಕಾಣತ್ತೆ. ನಿಮಗೆ ಕಂಡಿದೆ. ಟೆನ್ಷನ್ ಆದಾಗ ಲಕ್ಷಣ ಜಾಸ್ತಿ ಆಗಬಹುದು, ಆದ್ರೆ ಟೆನ್ಷನ್ನಿಂದ ಈ ಕಾಯಿಲೆ ಹುಟ್ಟಲ್ಲ, ನಿಮ್ಮ ಸಹೋದ್ಯೋಗಿಗೆ ಬೇಕಾದ್ರೆ ಕೊಲನೋಸ್ಕೋಪಿ ಫೋಟೋ ತೋರ್ಸಿ.

ಈಗ ಮುಖ್ಯ ಪ್ರಶ್ನೆಗೆ ಬರೋಣ, ಎರಡೂ ಒಂದೇನಾ ಅಂತ. ಐಬಿಡಿ ಅನ್ನೋದು ಮನೆತನದ ಹೆಸರು ಇದ್ದ ಹಾಗೆ, ಆ ಮನೇಲಿ ಮುಖ್ಯವಾಗಿ ಇಬ್ಬರಿದಾರೆ, ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್. ನಾನು ಪೇಷಂಟ್ಸ್‌ಗೆ ಹೇಳೋದು ಒಂದೇ, ನಿಮ್ಮ ಕಾಯಿಲೆಯ ಹೆಸರಷ್ಟೇ ಅಲ್ಲ, ಅದರ ಅಡ್ರೆಸ್ಸೂ ನಿಮಗೆ ಬಾಯಿಗೆ ಬರ್ಬೇಕು, ಯಾಕಂದ್ರೆ ಮಾತ್ರೆ ಸಾಕಾ, ಹಿಂದಿನಿಂದ ಔಷಧಿ ಹಾಕ್ಬೇಕಾ, ಎಷ್ಟು ವರ್ಷಕ್ಕೆ ಮತ್ತೆ ಕ್ಯಾಮೆರಾ ಹಾಕ್ಬೇಕು ಎಲ್ಲ ನಿರ್ಧಾರ ಆಗೋದು ಅದರ ಮೇಲೆ. ಚೀಟಿ ಹಿಂದೆ ಒಂದು ಚಿತ್ರ ಬರೆದು ತೋರಿಸ್ತೀನಿ, ದೊಡ್ಡ ಕರುಳು ಅಂದ್ರೆ ಹೊಟ್ಟೆ ಸುತ್ತ ಬಾಗಿಲ ಚೌಕಟ್ಟು ಇದ್ದ ಹಾಗೆ, ಬಲಗಡೆ ಹತ್ತತ್ತೆ, ಮೇಲೆ ಅಡ್ಡ ಹೋಗತ್ತೆ, ಎಡಗಡೆ ಇಳಿದು ಗುದನಾಳಕ್ಕೆ ಸೇರತ್ತೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿಗೆ ಮಾತ್ರ ಬರತ್ತೆ, ಬಹುತೇಕ ಯಾವಾಗ್ಲೂ ಗುದನಾಳದಿಂದಾನೇ ಶುರುವಾಗಿ ಮೇಲಕ್ಕೆ ಹತ್ತತ್ತೆ, ಮಧ್ಯೆ ಜಾಗ ಬಿಡಲ್ಲ, ಗೋಡೆಗೆ ತೇವ ಏರಿದ ಹಾಗೆ. ಕೆಲವರಿಗೆ ಗುದನಾಳದಲ್ಲೇ ನಿಲ್ಲತ್ತೆ, ಕೆಲವರಿಗೆ ಎಡಗಡೆ ಬಾಗುವವರೆಗೆ, ಕೆಲವರಿಗೆ ಪೂರ್ತಿ. ಅದೂ ಒಳಗಿನ ತೆಳು ಪದರಕ್ಕೆ ಅಷ್ಟೇ. ನಿಮ್ಮದು ಎಡಗಡೆದು, ಅಂದ್ರೆ ಮಧ್ಯಮ ಅಡ್ರೆಸ್.

ಕ್ರೋನ್ಸ್ ಹಾಗಲ್ಲ, ಬಾಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದ್ರೂ ಬರತ್ತೆ, ಹೆಚ್ಚಾಗಿ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರೋ ಜಾಗದಲ್ಲಿ, ಅಂದ್ರೆ ಹೊಟ್ಟೆಯ ಬಲ ಕೆಳಭಾಗ. ಇಲ್ಲೊಂದು ತೇಪೆ, ಒಂದು ಗೇಣು ಬಿಟ್ಟು ಇನ್ನೊಂದು ತೇಪೆ, ಮಧ್ಯದ ಜಾಗ ಸರಿಯಾಗೇ ಇರತ್ತೆ. ಮತ್ತೆ ಅದು ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯತ್ತೆ, ಅದಕ್ಕೇ ಅಲ್ಲಿ ಕರುಳು ಕಿರಿದಾಗಿ ಊಟ ಸಿಕ್ಕಿಹಾಕ್ಕೊಳ್ಳೋದು, ಒಂದು ಕರುಳಿಂದ ಇನ್ನೊಂದಕ್ಕೋ ಚರ್ಮಕ್ಕೋ ಸುರಂಗ ಕೊರೆಯೋದು. ಭಗಂದರ ಅಂತ ಮೂರು ಮೂರು ಸಲ ಆಪರೇಷನ್ ಮಾಡಿಸ್ಕೊಂಡು ಗಾಯ ಮಾಯ್ತಿಲ್ಲ ಅಂತ ಬರೋ ಹುಡುಗರಲ್ಲಿ ಒಳಗೆ ಕ್ರೋನ್ಸ್ ಕೂತಿರೋದನ್ನ ಎಷ್ಟೋ ಸಲ ನೋಡಿದೀನಿ. ರಕ್ತಕ್ಕಿಂತ ಹೊಟ್ಟೆನೋವು, ತೂಕ ಇಳಿಯೋದು, ಸಣ್ಣ ಜ್ವರ ಅಲ್ಲಿ ಮುಂದೆ ಇರತ್ತೆ.

ಅಂದಹಾಗೆ ಕ್ರೋನ್ಸ್ ಅನ್ನೋದು ಒಬ್ಬ ಡಾಕ್ಟರ ಹೆಸರು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರ್ರಿಲ್ ಕ್ರೋನ್ ಇನ್ನಿಬ್ಬರು ಡಾಕ್ಟರ ಜೊತೆ ಸೇರಿ ಇದನ್ನ ವಿವರಿಸಿದ್ರು, ಅದಕ್ಕೆ ಆ ಹೆಸರು. ನಿಮ್ಮ ರಿಪೋರ್ಟಲ್ಲಿರೋ ಕ್ರಾನಿಕ್ ಅಂದ್ರೆ ಬಹಳ ದಿನದಿಂದ ಇರೋದು ಅಂತ, ಅಷ್ಟೇ. ಕ್ರಾನಿಕ್ ಕೊಲೈಟಿಸ್ ಅಂತ ಓದಿ ಕ್ರೋನ್ಸ್ ಅಂದ್ಕೊಂಡು ಅತ್ತುಬಿಟ್ಟವರಿದಾರೆ, ನೀವು ಮೊದಲನೆಯವರಲ್ಲ.

ನಿಮ್ಮ ಅಣ್ಣನ ವಿಷಯದಲ್ಲಿ ಡಾಕ್ಟರು ದಾರಿ ತಪ್ಪಿದ್ರು ಅಂತ ಮನೇಲಿ ಬೈಕೊಂಡಿರ್ತೀರ, ಆದ್ರೆ ಸ್ವಲ್ಪ ತಾಳಿ. ಕರುಳಿನ ಟಿಬಿ ಮತ್ತೆ ಕ್ರೋನ್ಸ್ ಎರಡೂ ಒಂದೇ ಜಾಗದಲ್ಲಿ ಬರತ್ತೆ, ಒಂದೇ ಥರ ನೋವು, ಒಂದೇ ಥರ ತೂಕ ಇಳಿಯೋದು, ಕ್ಯಾಮೆರಾದಲ್ಲಿ ಹುಣ್ಣುಗಳೂ ಹೆಚ್ಚುಕಮ್ಮಿ ಅಣ್ಣತಮ್ಮಂದಿರ ಥರ. ಬಯಾಪ್ಸಿಲಿ ಟಿಬಿ ಕ್ರಿಮಿ ಸಿಕ್ಕಿದ್ರೆ, ಅಥವಾ ಟಿಬಿಗೇ ವಿಶಿಷ್ಟವಾದ ಗಂಟು ಸಿಕ್ಕಿದ್ರೆ ಸರಿ, ಎಷ್ಟೋ ಸಲ ಎರಡೂ ಸಿಗಲ್ಲ. ಹೊಟ್ಟೇಲಿ ನೀರು ತುಂಬಿದ್ರೆ, ಶ್ವಾಸಕೋಶದಲ್ಲೂ ಕಲೆ ಇದ್ರೆ ಟಿಬಿ ಕಡೆ ವಾಲ್ತೀವಿ, ಗುದದ ಹತ್ರ ಸುರಂಗ ಇದ್ರೆ, ರಕ್ತ ಹೋಗ್ತಿದ್ರೆ, ಕರುಳಲ್ಲಿ ಉದ್ದುದ್ದ ಹುಣ್ಣಿದ್ರೆ ಕ್ರೋನ್ಸ್ ಕಡೆ. ಆದ್ರೂ ಗೊತ್ತಾಗಲಿಲ್ಲ ಅಂದ್ರೆ ನಮ್ಮ ದೇಶದಲ್ಲಿ ಮೊದಲು ಟಿಬಿ ಔಷಧಿ ಕೊಟ್ಟು ನೋಡೋದು ರೂಢಿ, ಅದಕ್ಕೆ ಕಾರಣ ಇದೆ: ಟಿಬಿ ಇರೋರಿಗೆ ಕ್ರೋನ್ಸ್ ಅಂದ್ಕೊಂಡು ಸ್ಟೀರಾಯ್ಡ್ ಕೊಟ್ರೆ ಟಿಬಿ ಮೈಯೆಲ್ಲ ಹರಡಬಹುದು, ಜೀವಕ್ಕೇ ಕುತ್ತು. ಉಲ್ಟಾ ತಪ್ಪಿಗೂ ಬೆಲೆ ಇದೆ, ಕ್ರೋನ್ಸ್ ಇರೋರು ಟಿಬಿ ಮಾತ್ರೆ ನುಂಗ್ತಾ ಕೂತ್ರೆ ಅಷ್ಟರಲ್ಲಿ ಕರುಳು ಕಿರಿದಾಗ್ತಾ ಹೋಗತ್ತೆ. ಹಾಗಾಗಿ ಈಗ 6 ತಿಂಗಳು ಮುಗಿಯೋವರೆಗೆ ಕಾಯೋಹಾಗಿಲ್ಲ, 2-3 ತಿಂಗಳಿಗೆ ಇನ್ನೊಂದು ಸಲ ಕ್ಯಾಮೆರಾ ಹಾಕಿ ಹುಣ್ಣು ಮಾಯ್ದಿದೆಯಾ ನೋಡ್ಬೇಕು. ಟಿಬಿ ಆದ್ರೆ ಮಾಯ್ದಿರತ್ತೆ. ಮಾಯದೇ ಇದ್ರೆ ದಾರಿ ಬದಲಾಯಿಸೋದು. ಬರೀ ಹಸಿವು ಬಂತು, ಸ್ವಲ್ಪ ವಾಸಿ ಅನ್ನೋ ಮಾತು ನಂಬ್ಕೊಂಡು ಮುಂದುವರಿಸೋದೇ ಎಲ್ಲರೂ ಮಾಡೋ ಎಡವಟ್ಟು, ಕ್ರೋನ್ಸ್ ಇರೋರಿಗೂ ಟಿಬಿ ಮಾತ್ರೇಲಿ ಸ್ವಲ್ಪ ದಿನ ಹಾಯ್ ಅನ್ಸತ್ತೆ.

ನಿಮಗೆ ಟಿಬಿನಾ ಅಂದ್ರೆ, ಗುದನಾಳದಿಂದ ಶುರುವಾಗಿ ಎಡಗಡೆ ಪೂರ್ತಿ ಒಂದೇ ಸಮ ಇರೋ ಚಿತ್ರ ಟಿಬಿದಲ್ಲ, ಆ ಚಿಂತೆ ಬಿಡಿ. ಆದ್ರೆ ಈಗ ಮತ್ತೆ ಕೆರಳಿರೋದು ಪೂರ್ತಿ ಕೊಲೈಟಿಸ್ಸೇನಾ ಅಥವಾ ಮೇಲೆ ಇನ್ನೊಂದು ಸೋಂಕು ಸೇರ್ಕೊಂಡಿದೆಯಾ ಅಂತ ಮಲಪರೀಕ್ಷೆ ಮಾಡಿಸ್ಲೇಬೇಕು. ಆಮಶಂಕೆ ಅಮೀಬಾ ಇರಬಹುದು, ಇತ್ತೀಚೆಗೆ ಆಂಟಿಬಯೋಟಿಕ್ ತಗೊಂಡಿದ್ರೆ ಸಿ ಡಿಫಿಸೈಲ್ ಅನ್ನೋ ಬ್ಯಾಕ್ಟೀರಿಯಾ ಇರಬಹುದು, ಅದಕ್ಕೆ ಬೇರೆ ಟೆಸ್ಟ್ ಇದೆ, ಕೇಳಿ ಮಾಡಿಸಿ. ಇನ್ನೊಂದು ಕ್ಯಾಲ್ಪ್ರೊಟೆಕ್ಟಿನ್ ಅಂತ, ಅದೂ ಮಲದ್ದೇ ಟೆಸ್ಟ್, ಕರುಳಲ್ಲಿ ಎಷ್ಟು ಉರಿಯೂತ ಇದೆ ಅಂತ ಅಂಕಿ ಕೊಡತ್ತೆ, 50ರ ಒಳಗೆ ಇದ್ರೆ ನೆಮ್ಮದಿ, 250 ದಾಟಿದ್ರೆ ಕಾಯಿಲೆ ಎದ್ದಿದೆ ಅಂತ ಸಾಮಾನ್ಯ ಲೆಕ್ಕ. ಪ್ರತಿ ಸಲ ಕ್ಯಾಮೆರಾ ಹಾಕೋದು ಇದರಿಂದ ತಪ್ಪತ್ತೆ.

ಯಾಕೆ ಬಂತು ಅಂತ ನೀವು ನೇರ ಕೇಳಿಲ್ಲ, ಆದ್ರೆ ಉಷ್ಣದ ಮಾತು ಬಂತಲ್ಲ. ನಮ್ಮ ಮನೆಗಳಲ್ಲಿ ರಕ್ತ ಕಂಡ್ರೆ ಉಷ್ಣ, ಬಾಯಿ ಹುಣ್ಣಿಗೂ ಉಷ್ಣ, ನಿಮ್ಮತ್ತೆ ಪ್ರೀತಿಯಿಂದ ಕೊಟ್ಟಿದಾರೆ, ಕಾಮಕಸ್ತೂರಿಯಿಂದ ಹಾನಿ ಏನಾಗಿಲ್ಲ, ಹಾನಿ ಆಗಿದ್ದು ಆ 5 ತಿಂಗಳಿಂದ. ನಡೆಯೋದು ಏನಂದ್ರೆ ನಮ್ಮ ಕರುಳಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾ ಬಾಡಿಗೆಗಿವೆ, ಅವುಗಳ ಜೊತೆ ನಮ್ಮ ರೋಗನಿರೋಧಕ ವ್ಯವಸ್ಥೆ ಹೊಂದ್ಕೊಂಡು ಇರತ್ತೆ. ಕೆಲವರಲ್ಲಿ ಆ ಒಪ್ಪಂದ ಮುರಿಯತ್ತೆ, ಕಾವಲಿಗಿದ್ದವರೇ ಮನೆಯವರ ಮೇಲೆ ಬಿದ್ದ ಹಾಗೆ ನಮ್ಮ ರಕ್ಷಣಾ ಕಣಗಳು ನಮ್ಮ ಕರುಳನ್ನೇ ಕೆಡಿಸತ್ತೆ. ಜೀನ್‌ಗಳ ಪಾತ್ರ ಇದೆ, ಬೆಳೆದ ವಾತಾವರಣ, ಊಟ, ಚಿಕ್ಕಂದಿನ ಆಂಟಿಬಯೋಟಿಕ್, ಎಲ್ಲದರ ಪಾಲೂ ಸ್ವಲ್ಪ ಸ್ವಲ್ಪ. ಇದು ಬಿಳಿಯರ ಕಾಯಿಲೆ ಅಂತ ನಾವು ಓದೋವಾಗ ಹೇಳ್ತಿದ್ರು, ಪಂಜಾಬಲ್ಲಿ 1999ರಲ್ಲಿ ಮನೆಮನೆಗೆ ಹೋಗಿ 50 ಸಾವಿರಕ್ಕೂ ಹೆಚ್ಚು ಜನರನ್ನ ವಿಚಾರಿಸಿದಾಗ ಲಕ್ಷಕ್ಕೆ ಸುಮಾರು 44 ಜನರಿಗೆ ಅಲ್ಸರೇಟಿವ್ ಕೊಲೈಟಿಸ್ ಇತ್ತು, ಅಲ್ಲಿಗೆ ಆ ಮಾತು ಮುಗೀತು. ಇಂಗ್ಲೆಂಡಿನ ಲೆಸ್ಟರ್ ಊರಲ್ಲಿ ನೆಲೆಸಿದ ನಮ್ಮ ಕಡೆಯವರ ಮಕ್ಕಳಲ್ಲಿ, ಅಂದ್ರೆ ಅಲ್ಲೇ ಹುಟ್ಟಿ ಬೆಳೆದವರಲ್ಲಿ, ಇದು ಇನ್ನೂ ಜಾಸ್ತಿ ಕಂಡಿದೆ. ಒಂದೇ ತಲೆಮಾರಲ್ಲಿ ಜೀನ್ ಬದಲಾಗಲ್ಲ, ಬದಲಾಗಿದ್ದು ಬದುಕೋ ರೀತಿ. ಇನ್ನೊಂದು ವಿಚಿತ್ರ, ಸಿಗರೇಟು ಕ್ರೋನ್ಸನ್ನ ಜೋರು ಮಾಡತ್ತೆ, ಆದ್ರೆ ಅಲ್ಸರೇಟಿವ್ ಕೊಲೈಟಿಸ್ ಸಿಗರೇಟು ಬಿಟ್ಟವರಲ್ಲಿ ಶುರುವಾಗೋದುಂಟು. ಹಾಗಂತ ಕೊಲೈಟಿಸ್‌ಗೆ ಸಿಗರೇಟು ಔಷಧಿ ಅಂತ ನಿಮ್ಮ ಯಜಮಾನರು ಹೇಳಿದ್ರೆ ಕೇಳ್ಬೇಡಿ.

ಊಟದ ಬಗ್ಗೆ ಎಲ್ಲರೂ ಒಂದೊಂದು ಹೇಳ್ತಾರೆ, ಟೊಮೇಟೊ ಬೇಡ, ಬದನೆಕಾಯಿ ಬೇಡ, ಹಾಲು ಬೇಡ, ಕಡೆಗೆ ಪೇಷಂಟು ಅನ್ನ ತಿಳಿಸಾರಲ್ಲಿ ಬದುಕಿ ಎಂಟು ಕೇಜಿ ಇಳಿದು ಬರ್ತಾರೆ. ಖಾರದಿಂದ ಈ ಕಾಯಿಲೆ ಬರಲ್ಲ. ಈಗ ಕೆರಳಿರೋವಾಗ ಮೆತ್ತಗಿನ ಅನ್ನ, ಹೆಸರುಬೇಳೆ ತೊವ್ವೆ, ಇಡ್ಲಿ, ಮಜ್ಜಿಗೆ, ರಾಗಿ ಅಂಬಲಿ, ಮೊಟ್ಟೆ ತಿನ್ನೋರಾದ್ರೆ ಮೊಟ್ಟೆ, ಹಸಿ ತರಕಾರಿ ಕೋಸಂಬರಿ ಸ್ವಲ್ಪ ದಿನ ಪಕ್ಕಕ್ಕಿಡಿ. ಹಾಲು ಕುಡಿದ್ರೆ ಹೊಟ್ಟೆ ಗುಡುಗುಡು ಅಂದ್ರೆ ಬಿಡಿ, ಇಲ್ಲಾಂದ್ರೆ ಬಿಡ್ಬೇಕಾಗಿಲ್ಲ. ಶಾಂತ ಆದ್ಮೇಲೆ ಮನೆಯವರು ತಿನ್ನೋದೇ ನೀವೂ ತಿನ್ನಿ. ನಿಮ್ಮಣ್ಣನಿಗೆ ಮಾತ್ರ ಕರುಳು ಕಿರಿದಾಗಿದ್ರೆ ಲೆಕ್ಕ ಬೇರೆ, ಹಲಸಿನ ತೊಳೆ, ನುಗ್ಗೆಕಾಯಿ ನಾರು, ಕಿತ್ತಳೆ ತೊಳೆಯ ಸಿಪ್ಪೆ ಇಂಥವು ಆ ಕಿರಿದಾದ ಜಾಗದಲ್ಲಿ ಸಿಕ್ಕಿಹಾಕ್ಕೊಳ್ಳತ್ತೆ, ಹಲಸಿನ ಸೀಸನ್ನಲ್ಲಿ ಹೊಟ್ಟೆ ಕಟ್ಕೊಂಡು ಎಮರ್ಜೆನ್ಸಿಗೆ ಬಂದವರನ್ನ ನೋಡಿದೀನಿ.

ಅರಿಶಿನದ ಬಗ್ಗೆ ಕೇಳೇ ಕೇಳ್ತೀರ. ಮೆಸಲಮಿನ್ ಜೊತೆ ಅರಿಶಿನದಲ್ಲಿರೋ ಕರ್ಕ್ಯುಮಿನ್ ಕೊಟ್ಟಾಗ ಹಗುರ ಕೊಲೈಟಿಸಲ್ಲಿ ಲಾಭ ಕಂಡ ಪ್ರಯೋಗ ಇದೆ, ಆದ್ರೆ ಅದು ದಿನಕ್ಕೆ 3 ಗ್ರಾಂ ಶುದ್ಧ ಕರ್ಕ್ಯುಮಿನ್ ಕ್ಯಾಪ್ಸೂಲು, ಸಾರಿಗೆ ಹಾಕೋ ಚಿಟಿಕೆ ಅರಿಶಿನ ಅಲ್ಲ, ಮತ್ತೆ ಅದು ಮೆಸಲಮಿನ್ ಜೊತೆ, ಅದರ ಬದಲಿಗಲ್ಲ. ಅದರಿಂದ ಲಿವರ್ ಕೆಟ್ಟವರೂ ಇದಾರೆ, ಡಾಕ್ಟರಿಗೆ ಹೇಳಿ ತಗೊಳ್ಳಿ. ರಕ್ತಭೇದಿಗೆ ಕೊಡಸಿಗೆ ಚಕ್ಕೆ ಹಳೇ ಔಷಧಿ, ಕೊಡಚಾದ್ರಿಗೆ ಆ ಹೆಸರು ಬಂದಿದ್ದೇ ಈ ಗಿಡದ ಸಂಸ್ಕೃತ ಹೆಸರು ಕುಟಜದಿಂದ ಅಂತಾರೆ. ನಾನು ಆಯುರ್ವೇದ ಓದಿಲ್ಲ, ಅದರ ಮೇಲೆ ತೀರ್ಪು ಕೊಡಲ್ಲ, ಆದ್ರೆ ಹೆಸರಿಲ್ಲದ ಪುಡಿ, ಭಸ್ಮ ಬೇಡ, ಅದರಲ್ಲಿ ಸೀಸ ಇರತ್ತೋ ಸ್ಟೀರಾಯ್ಡ್ ಇರತ್ತೋ ಯಾರಿಗೂ ಗೊತ್ತಿಲ್ಲ, ಇರೋ ಮಾತ್ರೆ ನಿಲ್ಲಿಸಿ ಅಂತ ಯಾರಂದ್ರೂ ಅಲ್ಲಿಂದ ಎದ್ದು ಬನ್ನಿ.

ಈಗ ನಿಮ್ಮ ಚಿಕಿತ್ಸೆ. ನೀವು ಮಾತ್ರೆ ನಿಲ್ಲಿಸಿದ್ದಕ್ಕೆ ಬೈಯಲ್ಲ, ರಕ್ತ ನಿಂತ್ಮೇಲೆ ದಿನಾ ಅಷ್ಟು ದಪ್ಪ ಮಾತ್ರೆ ನುಂಗಕ್ಕೆ ಯಾರಿಗೆ ಮನಸ್ಸಾಗತ್ತೆ. ಆದ್ರೆ ನೀವು ಚೆನ್ನಾಗಿದ್ದಿದ್ದೇ ಮಾತ್ರೆಯಿಂದ. ಇದು ಶುಗರ್, ಬಿಪಿ ಥರದ ಕಾಯಿಲೆ, ಮಲಗಿಸ್ಬಹುದು, ಓಡ್ಸಕ್ಕಾಗಲ್ಲ. ಇದರಲ್ಲಿ ಒಂದು ಒಳ್ಳೆ ಸುದ್ದಿ ಇದೆ, ಅದನ್ನ ಯಾರೂ ಹೇಳಿರಲ್ಲ: ಮೆಸಲಮಿನ್ ನಿಮ್ಮ ಮೇಲೆ ಸೋತಿಲ್ಲ, ನೀವು ತಗೊಳ್ತಿರಲಿಲ್ಲ. ತಗೊಳ್ತಿದ್ದಾಗಲೇ ಕೆರಳಿದ್ರೆ ಮುಂದಿನ ಮೆಟ್ಟಿಲಿಗೆ ಹೋಗ್ಬೇಕಿತ್ತು, ಈಗ ಅದನ್ನೇ ಪೂರ್ತಿ ಡೋಸಲ್ಲಿ ಮತ್ತೆ ಶುರು ಮಾಡೋದು ನಿಮ್ಮ ಡಾಕ್ಟರು ಮೊದಲು ಯೋಚಿಸೋ ದಾರಿ. ದಿನಕ್ಕೆ ಮೂರು ಹೊತ್ತು ಬೇಡ, ದಿನದ ಅಷ್ಟೂ ಮಾತ್ರೆನ ಒಂದೇ ಹೊತ್ತಿಗೆ ತಗೊಂಡ್ರೂ ಅಷ್ಟೇ ಕೆಲಸ ಮಾಡತ್ತೆ, ಸ್ಕೂಲಿಗೆ ಡಬ್ಬಿ ಹೊರೋದು ತಪ್ಪತ್ತೆ. ಒಂದೊಂದು ಸಲ ಮಲದಲ್ಲಿ ಮಾತ್ರೆಯ ಸಿಪ್ಪೆ ಹಾಗೇ ಕಾಣತ್ತೆ, ಗಾಬರಿ ಬೇಡ, ಔಷಧಿ ಒಳಗೇ ಇಳಿದಿರತ್ತೆ, ಬರೀ ಚಿಪ್ಪು ಆಚೆ ಬಂದಿರತ್ತೆ. ವರ್ಷಕ್ಕೊಮ್ಮೆಯಾದ್ರೂ ಕಿಡ್ನಿ ಕ್ರಿಯಾಟಿನಿನ್ ನೋಡಿಸಿ, ಅಪರೂಪಕ್ಕೆ ಈ ಮಾತ್ರೆ ಕಿಡ್ನಿಗೆ ತೊಂದ್ರೆ ಕೊಡತ್ತೆ.

ಇದರ ಜೊತೆ ಎನಿಮಾ. ಇಲ್ಲಿ ಎಲ್ಲರೂ ಮುಖ ತಿರುಗಿಸ್ತಾರೆ. ಎಡಗಡೆಯ ಕಾಯಿಲೆಗೆ ಬಾಯಿಂದ ಹೋದ ಮಾತ್ರೆಗಿಂತ ಹಿಂದಿನಿಂದ ಹಾಕಿದ್ದು ನೇರ ಅಡ್ರೆಸ್ಸಿಗೆ ತಲುಪತ್ತೆ, ಎರಡೂ ಸೇರಿದ್ರೆ ಒಂದೇ ಒಂದಕ್ಕಿಂತ ಚೆನ್ನಾಗಿ ಕೆಲಸ ಮಾಡತ್ತೆ. 60 ಎಂ.ಎಲ್. ಬಾಟಲಿ, ರಾತ್ರಿ ಮಲಗೋ ಮುಂಚೆ ಟಾಯ್ಲೆಟ್ ಮುಗಿಸಿ, ಹಾಸಿಗೆ ಮೇಲೆ ಹಳೇ ಟವಲ್ ಹಾಸಿ, ಎಡಮಗ್ಗುಲಿಗೆ ಮಲಗಿ, ಬಲ ಮೊಣಕಾಲು ಮಡಚಿ, ಮೂತಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ನಿಧಾನಕ್ಕೆ ಹಿಂಡೋದು. ಬಾಟಲಿನ ಮೊದ್ಲೇ ಕೈಯಲ್ಲಿ ಹಿಡ್ಕೊಂಡು ಸ್ವಲ್ಪ ಬೆಚ್ಚಗೆ ಮಾಡ್ಕೊಳ್ಳಿ, ತಣ್ಣಗಿದ್ರೆ ಕರುಳು ತಕ್ಷಣ ಆಚೆ ತಳ್ಳತ್ತೆ. ಮೊದಲ ಮೂರ್ನಾಲ್ಕು ದಿನ ನಿಲ್ಲಲ್ಲ, ಹತ್ತು ನಿಮಿಷಕ್ಕೇ ಓಡ್ಬೇಕಾಗತ್ತೆ, ಅಲ್ಲಿಗೇ ಬಿಟ್ಟುಬಿಡ್ತಾರೆ ಎಲ್ಲರೂ. ಬಿಡ್ಬೇಡಿ, ಉರಿಯೂತ ಇಳಿದ ಹಾಗೆ ಅದೇ ರಾತ್ರಿಪೂರ್ತಿ ನಿಲ್ಲತ್ತೆ. ಗುದಕ್ಕಿಡೋ ಸಪೊಸಿಟರಿ ಬರೆದುಕೊಟ್ರೆ ನುಂಗಿದವರೂ ಇದಾರೆ, ತಪ್ಪು ಅವರದಲ್ಲ, ಹೇಳದೇ ಕಳಿಸಿದ ನಮ್ಮದು.

ಎರಡು ವಾರದಲ್ಲಿ ರಕ್ತ ಕಮ್ಮಿ ಆಗ್ತಾ ಬರ್ಬೇಕು. ಬರ್ಲಿಲ್ಲ ಅಂದ್ರೆ ಮತ್ತೆ ಸ್ಟೀರಾಯ್ಡ್ ಮಾತು ಬರತ್ತೆ. ಸ್ಟೀರಾಯ್ಡ್ ಬೆಂಕಿ ಆರಿಸೋ ನೀರು, ಮನೇಲಿ ದಿನಾ ಸುರಿಯೋದಲ್ಲ. ಮುಖ ಊದೋದು ಕಣ್ಣಿಗೆ ಕಾಣತ್ತೆ, ಮೂಳೆ ಸವೆಯೋದು, ಶುಗರ್ ಏರೋದು, ಕಣ್ಣಿನ ಪೊರೆ ಬರೋದು ಕಾಣಲ್ಲ. ಹಳೇ ಚೀಟಿ ಹಿಡ್ಕೊಂಡು ಅಂಗಡೀಲಿ ತಾನೇ ತಗೊಳ್ಳೋರಿದಾರೆ, ದಯವಿಟ್ಟು ಮಾಡ್ಬೇಡಿ. ಶುರು ಮಾಡಿದ್ದನ್ನ ತಟ್ಟಂತ ನಿಲ್ಲಿಸೋದೂ ಅಷ್ಟೇ ಅಪಾಯ, ವಾರ ವಾರ ಇಳಿಸ್ಕೊಂಡೇ ಬರ್ಬೇಕು. ಇಳಿಸ್ತಿದ್ದ ಹಾಗೆ ಮತ್ತೆ ಕೆರಳತ್ತೆ, ಅಥವಾ ವರ್ಷದಲ್ಲಿ ಎರಡು ಸಲ ಬೇಕಾಗತ್ತೆ ಅಂದ್ರೆ ಮೆಟ್ಟಿಲು ಏರೋ ಸಮಯ ಬಂತು ಅಂತ ಅರ್ಥ.

ಆ ಮೇಲಿನ ಮೆಟ್ಟಿಲಲ್ಲಿ ಅಝಥಯೋಪ್ರಿನ್ ಇದೆ, ಅಗ್ಗ, ಆದ್ರೆ ಕೆಲಸ ಶುರುವಾಗಕ್ಕೆ 2-3 ತಿಂಗಳು, ಬಿಳಿ ರಕ್ತಕಣ ಇಳಿಯಬಹುದು, ಅದಕ್ಕೇ ಮೊದಲು ಮೇಲಿಂದ ಮೇಲೆ ರಕ್ತಪರೀಕ್ಷೆ. ನಮ್ಮ ದೇಶದಲ್ಲಿ ಒಂದಷ್ಟು ಜನರಿಗೆ ಒಂದು ಜೀನ್ ವ್ಯತ್ಯಾಸ ಇರತ್ತೆ, ಅವರಿಗೆ ಈ ಮಾತ್ರೆಯಿಂದ ಕೂದಲು ಉದುರಿ ರಕ್ತಕಣ ತೀರಾ ಇಳಿದುಬಿಡತ್ತೆ, ಅದನ್ನ ಮೊದಲೇ ಪತ್ತೆ ಹಚ್ಚೋ ಟೆಸ್ಟ್ ಈಗ ಸಿಗತ್ತೆ. ಇಂಜೆಕ್ಷನ್ ಥರದವು ಇನ್‌ಫ್ಲಿಕ್ಸಿಮಾಬ್, ಅಡಲಿಮುಮಾಬ್, ಚೆನ್ನಾಗಿ ಕೆಲಸ ಮಾಡತ್ತೆ, ದುಬಾರಿ, ಆದ್ರೆ ನಮ್ಮಲ್ಲೇ ತಯಾರಾಗೋದು ಬಂದ್ಮೇಲೆ ಬೆಲೆ ಇಳಿದಿದೆ. ಅಲ್ಲಿನ ದೊಡ್ಡ ಅಪಾಯ ಮಲಗಿರೋ ಟಿಬಿ ಎದ್ದು ಕೂರೋದು, ಎದೆ ಎಕ್ಸ್‌ರೇ, ಟಿಬಿ ಟೆಸ್ಟ್, ಹೆಪಟೈಟಿಸ್ ಬಿ ಟೆಸ್ಟ್ ಆಗದೇ ಯಾರೂ ಶುರು ಮಾಡ್ಬಾರದು. ಟೋಫಾಸಿಟಿನಿಬ್ ಅಂತ ಮಾತ್ರೆ ಇದೆ, ಅಗ್ಗವಾಗಿ ಸಿಗತ್ತೆ ಅಂತ ಈಗ ಬಹಳ ಜನ ಬರೀತಾರೆ, ಅದರಲ್ಲಿ ಸರ್ಪಸುತ್ತು, ರಕ್ತ ಹೆಪ್ಪುಗಟ್ಟೋ ಅಪಾಯ ಇದೆ, ಮತ್ತೆ ನಿಮ್ಮ ಲೆಕ್ಕದಲ್ಲಿ ಇನ್ನೂ ಮುಖ್ಯ, ಮಗು ಬೇಕು ಅನ್ನೋರಿಗೆ ಅದು ಬೇಡ. ಹಾಗಾಗಿ ಡಾಕ್ಟರಿಗೆ ಮೊದಲ ಭೇಟೀಲೇ ಹೇಳಿಬಿಡಿ, ನಾವು ಮಗುಗೆ ಪ್ರಯತ್ನ ಮಾಡ್ಬೇಕು ಅಂತಿದೀವಿ ಅಂತ, ಅವರು ಕೇಳಲಿ ಅಂತ ಕಾಯ್ಬೇಡಿ.

ಮಗು ಖಂಡಿತ ಮಾಡ್ಕೋಬಹುದು. ಕಾಯಿಲೆ ಕನಿಷ್ಠ 3 ತಿಂಗಳು, ಸಾಧ್ಯ ಆದ್ರೆ 6 ತಿಂಗಳು ಶಾಂತವಾಗಿದ್ದ ಮೇಲೆ ಗರ್ಭಿಣಿ ಆದ್ರೆ ಬಹುತೇಕ ಎಲ್ಲರ ಹಾಗೇ ನಡೆಯತ್ತೆ, ಕೆರಳಿರೋವಾಗ ಆದ್ರೆ ಗರ್ಭಪಾತ, ದಿನ ತುಂಬದೇ ಹುಟ್ಟೋದು ಜಾಸ್ತಿ. ಮೆಸಲಮಿನ್ ಗರ್ಭಿಣಿಯರಿಗೆ ಸುರಕ್ಷಿತ. ಪ್ರೆಗ್ನೆನ್ಸಿ ಕಾರ್ಡ್ ಮೇಲೆ ಎರಡು ಗೆರೆ ಕಂಡ ತಕ್ಷಣ ಎಲ್ಲ ಮಾತ್ರೆ ನಿಲ್ಲಿಸಿಬಿಡೋದು ನಾನು ನೋಡಿರೋ ದೊಡ್ಡ ಅನಾಹುತ, ಅತ್ತೆ ಅಮ್ಮ ಇಬ್ಬರಿಗೂ ಇದನ್ನ ಮೊದಲೇ ಹೇಳಿಡಿ. ಮಗುಗೆ ಬರೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ ಹೌದು, ಆದ್ರೂ ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳಿಗೆ ಬರಲ್ಲ.

ಕ್ಯಾನ್ಸರ್ ಭಯಕ್ಕೆ ಒಂದೇ ಲೆಕ್ಕ ಇಟ್ಕೊಳ್ಳಿ: ಲಕ್ಷಣ ಶುರುವಾಗಿ 8 ವರ್ಷಕ್ಕೆ ಒಂದು ಕೊಲನೋಸ್ಕೋಪಿ, ಅಲ್ಲಿಂದ ಮುಂದೆ ಎಷ್ಟು ವರ್ಷಕ್ಕೊಮ್ಮೆ ಅಂತ ನಿಮ್ಮ ಡಾಕ್ಟರು ಹೇಳ್ತಾರೆ. ಉರಿಯೂತ ಹೆಚ್ಚು ಕಾಲ ಹಾಗೇ ಉರೀತಿದ್ರೆ ಅಪಾಯ ಜಾಸ್ತಿ, ಮಲಗಿದ್ರೆ ಕಮ್ಮಿ. ಎಚ್‌ಬಿ 9.4ಕ್ಕೆ ಕಬ್ಬಿಣದ ಮಾತ್ರೆ ಈಗ ಹೊಟ್ಟೆ ಕೆಡಿಸೋದೇ ಹೆಚ್ಚು, ಮಲ ಬೇರೆ ಕಪ್ಪಾಗಿ ಗಾಬರಿ, ಡ್ರಿಪ್ಪಲ್ಲಿ ಕಬ್ಬಿಣ ಹಾಕಿಸ್ಕೊಳ್ಳೋದು ಒಳ್ಳೇದು, ಕೇಳಿ ನೋಡಿ.

ಒಂದು ವಿಷಯ ಮಾತ್ರ ಕಾಯೋಹಾಗಿಲ್ಲ. ದಿನಕ್ಕೆ 6 ಸಲ ಅಥವಾ ಜಾಸ್ತಿ ರಕ್ತದ ಭೇದಿ ಆಗಿ, ಜೊತೆಗೆ ಜ್ವರ ಬಂದ್ರೆ, ಸುಮ್ನೆ ಕೂತಿದ್ದಾಗಲೂ ನಾಡಿ 90 ದಾಟಿದ್ರೆ, ಹೊಟ್ಟೆ ಉಬ್ಬಿದ್ರೆ ಅದು ಔಟ್‌ಪೇಷಂಟ್ ಕೇಸ್ ಅಲ್ಲ, ಅವತ್ತೇ ಅಡ್ಮಿಟ್ ಆಗ್ಬೇಕು, ಸ್ಟೀರಾಯ್ಡ್ ರಕ್ತನಾಳಕ್ಕೆ ಕೊಟ್ಟು ಮೂರನೇ ದಿನ ನೋಡಿ ಸುಧಾರಿಸದಿದ್ರೆ ಮುಂದಿನ ನಿರ್ಧಾರ ಮಾಡ್ತಾರೆ. ಕೊನೇ ಅಸ್ತ್ರ ಆಪರೇಷನ್, ದೊಡ್ಡ ಕರುಳು ತೆಗೆದು ಸಣ್ಣ ಕರುಳಲ್ಲೇ ಚೀಲ ಮಾಡಿ ಜೋಡಿಸ್ತಾರೆ, ಅದೂ ಬದುಕಕ್ಕೆ ದಾರಿಯೇ, ಆದ್ರೆ ನಿಮ್ಮಂಥವರಲ್ಲಿ ಹೆಚ್ಚಿನವರಿಗೆ ಅದು ಬೇಕಾಗಲ್ಲ. ಜೋರಾಗಿ ಕೆರಳಿರೋವಾಗ ಭೇದಿ ಕಟ್ಟೋ ಲೋಪೆರಮೈಡ್ ಮಾತ್ರೆ ತಗೊಂಡ್ಬಿಡ್ಬೇಡಿ, ಕರುಳು ಬಲೂನಿನ ಥರ ಉಬ್ಬೋ ಅಪಾಯ ಇದೆ.

ಹಂಪಿ ವಿಷಯಕ್ಕೆ ಬಂದ್ರೆ, ಈ ವಾರ ಚಿಕಿತ್ಸೆ ಶುರುವಾದ್ರೆ ಡಿಸೆಂಬರಿಗೆ ಸಮಯ ಇದೆ. ಬಸ್ ಹತ್ತೋ ಹಿಂದಿನ ಎರಡು ವಾರ ರಕ್ತ ಇಲ್ಲದೇ ಇದ್ರೆ ಹೋಗಿ. ಊಟ ಬಿಟ್ಟು ಖಾಲಿ ಹೊಟ್ಟೇಲಿ ಪ್ರಯಾಣ ಮಾಡ್ತೀರ ಅಂತ ನಂಗೆ ಗೊತ್ತು, ನಿಮ್ಮ ಥರದವರೆಲ್ಲ ಅದನ್ನೇ ಮಾಡ್ತಾರೆ, ಎರಡು ಇಡ್ಲಿ ತಿಂದೇ ಹತ್ತಿ. ಬಾಗಿಲ ಹತ್ರದ ಸೀಟ್ ಹಿಡೀರಿ, ಬ್ಯಾಗಲ್ಲಿ ಒಂದು ಜೊತೆ ಬಟ್ಟೆ, ಪ್ಯಾಡ್ ಇರಲಿ, ಡ್ರೈವರ್‌ಗೂ ಜೊತೆಗೆ ಬರೋ ಇನ್ನೊಬ್ಬ ಟೀಚರಿಗೂ ಹೊಟ್ಟೆ ಸಮಸ್ಯೆ ಇದೆ, ಕೇಳಿದಾಗ ನಿಲ್ಲಿಸ್ಬೇಕು ಅಂತ ಹೊರಡೋ ಮುಂಚೇನೇ ಹೇಳಿಡಿ. ಎನಿಮಾ ಬಾಟಲಿ ಟ್ರಿಪ್ಪಲ್ಲಿ ಹಾಕ್ಕೊಳ್ಳೋದು ಕಷ್ಟ, ಎರಡು ರಾತ್ರಿ ತಪ್ಪಿದ್ರೆ ಏನಾಗಲ್ಲ, ಮಾತ್ರೆ ಮಾತ್ರ ಬ್ಯಾಗಿನ ಮೇಲಿನ ಜೇಬಲ್ಲಿ ಇಟ್ಕೊಳ್ಳಿ.